ಮೂಲಕ, ಮಾನ್ಯ ತಹಶೀಲ್ದಾರರು

ಹೊನ್ನಾವರದ ತಹಶೀಲ್ದಾರ ಕಚೇರಿಯ ಎದುರು ವರ್ಷದಲ್ಲಿ ಹಲವು ಸಲ ಜನ ಸೇರುತ್ತಾರೆ. ಒಮ್ಮೆ ಮೀನುಗಾರರು, ಒಮ್ಮೆ ಅರಣ್ಯ ಅತಿಕ್ರಮಣದವರು, ಇನ್ನೊಮ್ಮೆ ಹೆದ್ದಾರಿಗೆ ಜಾಗ ಬಿಟ್ಟುಕೊಟ್ಟವರು. ಘೋಷಣೆ ಮುಗಿದ ಮೇಲೆ ಮುಂದಾಳು ಒಬ್ಬರು ಮನವಿ ಓದುತ್ತಾರೆ, ಕಚೇರಿಯಿಂದ ಹೊರಬಂದ ಅಧಿಕಾರಿ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಳ್ಳುತ್ತಾರೆ, ಫೋಟೊ ಆಗುತ್ತದೆ. ಆ ಮನವಿಯ ತಲೆಬರಹವನ್ನು ಯಾರಾದರೂ ನಿಂತು ಓದಬೇಕು. ‘ಇವರಿಗೆ, ಮಾನ್ಯ ಪ್ರಧಾನ ಮಂತ್ರಿಗಳು, ಭಾರತ ಸರಕಾರ, ನವದೆಹಲಿ’ ಎಂದಿರುತ್ತದೆ. ಇಲ್ಲವೇ ‘ಮಾನ್ಯ ಮುಖ್ಯಮಂತ್ರಿಗಳು, ಕರ್ನಾಟಕ ಸರಕಾರ, ವಿಧಾನಸೌಧ’. ಎಷ್ಟೋ ಸಲ ಎರಡೂ ಇರುತ್ತವೆ, ಒಂದರ ಕೆಳಗೊಂದು. ಯಾವುದೇ ಇರಲಿ, ಕೊನೆಯ ಸಾಲು ಮಾತ್ರ ಒಂದೇ: ‘ಮೂಲಕ, ಮಾನ್ಯ ತಹಶೀಲ್ದಾರರು, ಹೊನ್ನಾವರ.’

ಒಕ್ಕೂಟ ವ್ಯವಸ್ಥೆಯ ಬಗ್ಗೆ ನಾವು ಓದುವ ಲೇಖನಗಳೆಲ್ಲ ಹೆಚ್ಚಾಗಿ ದೆಹಲಿಯಿಂದಲೋ ಬೆಂಗಳೂರಿನಿಂದಲೋ ಶುರುವಾಗುತ್ತವೆ. ಅಧಿಕಾರ ಯಾರ ಕೈಯಲ್ಲಿ ಎಷ್ಟಿದೆ, ಹಣ ಯಾರಿಗೆ ಎಷ್ಟು ಸಿಕ್ಕಿತು ಎಂಬಲ್ಲಿಗೆ ಮುಗಿಯುತ್ತವೆ. ನಾನು ಆ ಪ್ರಶ್ನೆಯನ್ನು ಮನವಿಯ ಆ ಕೊನೆಯ ಸಾಲಿನಿಂದ ನೋಡಬೇಕೆಂದಿದ್ದೇನೆ. ಕೇಂದ್ರ ಮತ್ತು ರಾಜ್ಯ ಎಲ್ಲಿ ಕೂಡಿ ದುಡಿದಿವೆ, ಎಲ್ಲಿ ಪೈಪೋಟಿಗೆ ಇಳಿದಿವೆ, ಎಲ್ಲಿ ಇಬ್ಬರೂ ಕೈತೊಳೆದುಕೊಂಡಿದ್ದಾರೆ ಎಂಬುದಕ್ಕೆ ಉತ್ತರ ಕನ್ನಡ ಜಿಲ್ಲೆಯ ಭಟ್ಕಳ, ಹೊನ್ನಾವರ, ಕುಮಟಾ ಮತ್ತು ಅಕ್ಕಪಕ್ಕದ ತಾಲೂಕುಗಳಲ್ಲಿ ಸಿಗುವಷ್ಟು ಉದಾಹರಣೆ ಬೇರೆ ಕಡೆ ಸಿಗುವುದು ಕಷ್ಟ.

ಅಪ್ಸರಕೊಂಡದ ಗುಡ್ಡದ ಮೇಲೆ ನಿಂತು ನೋಡಿ. ಬೆನ್ನ ಹಿಂದೆ ಹೆದ್ದಾರಿ, ಅದರಾಚೆ ಸಹ್ಯಾದ್ರಿಯ ನೀಲಿ ಸಾಲು. ಕೆಳಗೆ ಬಂಡೆಯ ಮೇಲಿಂದ ಹೊಂಡಕ್ಕೆ ಬೀಳುವ ನೀರು, ಗುಹೆಗಳು, ತೆಂಗಿನ ತೋಟ. ಎದುರಿಗೆ ಕಡಲು. ಬಲಕ್ಕೆ ಕಾಸರಕೋಡಿನ ಮರಳು ದಂಡೆ, ಗಾಳಿಮರಗಳ ಸಾಲು, ಶರಾವತಿಯ ಅಳಿವೆ. ಈ ಎದುರಿನ ಕಡಲಿನಲ್ಲಿ ಸುಮಾರು 5,959 ಹೆಕ್ಟೇರ್ ಪ್ರದೇಶವನ್ನು ‘ಅಪ್ಸರಕೊಂಡ–ಮುಗಳಿ ಕಡಲ ವನ್ಯಜೀವಿ ಧಾಮ’ ಮಾಡಲು 2023ರ ಆರಂಭದಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಒಪ್ಪಿತು. ಕರ್ನಾಟಕದ ಮೊದಲ ಕಡಲ ಧಾಮ ಇದು. ಆಗ ಮುಖ್ಯಮಂತ್ರಿಯಾಗಿದ್ದವರು ಬಸವರಾಜ ಬೊಮ್ಮಾಯಿ.

ಕಾಡಿನಲ್ಲಿ ಅಭಯಾರಣ್ಯ ಘೋಷಿಸಿದ ಹಾಗೆ ಕಡಲಿನಲ್ಲಿ ಘೋಷಿಸಲು ಬರುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 1991ರಲ್ಲಿ ಸೇರಿದ 26ಎ ಕಲಮಿನ ಪ್ರಕಾರ, ದೇಶದ ಜಲಸೀಮೆಯ ಯಾವ ಭಾಗವನ್ನೇ ಧಾಮಕ್ಕೆ ಸೇರಿಸುವುದಿದ್ದರೂ ರಾಜ್ಯ ಸರಕಾರ ಮೊದಲು ಕೇಂದ್ರದ ಒಪ್ಪಿಗೆ ಪಡೆಯಬೇಕು. ಗಡಿ ಗೊತ್ತುಮಾಡುವಾಗ ನೌಕಾಪಡೆಯ ಮುಖ್ಯ ಜಲಮಾಪನ ಅಧಿಕಾರಿಯನ್ನು ಕೇಳಬೇಕು. ಅದೇ ವಾಕ್ಯದಲ್ಲಿ ಇನ್ನೊಂದು ಮಾತೂ ಇದೆ: ಸ್ಥಳೀಯ ಮೀನುಗಾರರ ಉದ್ಯೋಗದ ಹಿತ ಕಾಯಲು ಸಾಕಷ್ಟು ಕ್ರಮ ಕೈಗೊಂಡ ಮೇಲೆಯೇ ಗಡಿ ನಿಗದಿಯಾಗಬೇಕು. ದೆಹಲಿ, ಬೆಂಗಳೂರು, ನೌಕಾಪಡೆ, ಮೀನುಗಾರ ಈ ನಾಲ್ವರನ್ನೂ ಒಂದೇ ಕಲಮಿನಲ್ಲಿ ಕೂರಿಸಿದ ಕಾನೂನು ಇದು. ಮೊದಲ ಮೂವರಿಗೆ ಕಚೇರಿ ಇದೆ, ಮೊಹರು ಇದೆ. ನಾಲ್ಕನೆಯವನಿಗೆ ಕಾಯ್ದೆಯ ಆ ಒಂದು ಸಾಲು ಮಾತ್ರ ಇದೆ.

ಮೀನುಗಾರಿಕೆಯ ವಿಷಯದಲ್ಲಿ ಸಂವಿಧಾನದ ಏಳನೆಯ ಅನುಸೂಚಿ ಕಡಲನ್ನು ಎರಡು ಪಾಲು ಮಾಡಿದೆ. ರಾಜ್ಯ ಪಟ್ಟಿಯ 21ನೆಯ ನಮೂದು ಮೀನುಗಾರಿಕೆಯನ್ನು ರಾಜ್ಯಕ್ಕೆ ಕೊಟ್ಟಿದೆ. ಜಲಸೀಮೆಯಾಚೆಗಿನ ಮೀನುಗಾರಿಕೆ ಕೇಂದ್ರ ಪಟ್ಟಿಯ 57ನೆಯ ನಮೂದಿಗೆ ಸೇರಿದೆ. ಜಲಸೀಮೆ ಎಂದರೆ ದಡದಿಂದ 12 ನಾಟಿಕಲ್ ಮೈಲು, ಸುಮಾರು 22 ಕಿಲೋಮೀಟರ್. ಅದರೊಳಗೆ 1986ರ ಕರ್ನಾಟಕ ಸಾಗರ ಮೀನುಗಾರಿಕೆ ನಿಯಂತ್ರಣ ಕಾಯ್ದೆ, ಅದರಾಚೆ ಕೇಂದ್ರದ ಆದೇಶ. ಹೀಗಿದ್ದೂ ಮಳೆಗಾಲದ ನಿಷೇಧದಲ್ಲಿ ಇಬ್ಬರೂ ಒಂದಾಗಿದ್ದಾರೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಕರ್ನಾಟಕದ ಕರಾವಳಿಯುದ್ದಕ್ಕೂ ಯಾಂತ್ರೀಕೃತ ದೋಣಿಗಳು ಧಕ್ಕೆಯಲ್ಲೇ ನಿಲ್ಲುತ್ತವೆ. ಹಿಂದೆ ಒಂದೊಂದು ರಾಜ್ಯ ಒಂದೊಂದು ತಾರೀಖು ಇಟ್ಟುಕೊಂಡಿತ್ತು. ಒಂದು ಕಡೆ ನಿಷೇಧ ಇದ್ದಾಗ ಪಕ್ಕದ ರಾಜ್ಯದ ಬೋಟು ಬಂದು ಬಲೆ ಬಿಟ್ಟು ಹೋಗುವ ತಕರಾರು ಇರುತ್ತಿತ್ತು. ತಾರೀಖುಗಳು ಹೆಚ್ಚುಕಡಿಮೆ ಕೂಡಿಬಂದದ್ದು ಒಳ್ಳೆಯದಾಯಿತು. ಇದು ಕೂಡಿ ದುಡಿದ ಫಲ, ಹಾಗೆಂದು ಒಪ್ಪಿಕೊಳ್ಳಬೇಕು.

ಬೆಳಕು ಮೀನುಗಾರಿಕೆಯಲ್ಲಿ ಅದೇ ಒಗ್ಗಟ್ಟು ಕಾಣಲಿಲ್ಲ. ಎಲ್‌ಇಡಿ ದೀಪ ಹಾಯಿಸಿ ಮೀನಿನ ಹಿಂಡನ್ನು ಒಟ್ಟು ಮಾಡಿ ಬಳಿದುಕೊಂಡು ಹೋಗುವುದನ್ನು ಕೇಂದ್ರ 2017ರಲ್ಲಿ ನಿಷೇಧಿಸಿತು, ರಾಜ್ಯವೂ ನಿಷೇಧಿಸಿತು. ಆದರೆ ರಾತ್ರಿ ಕಡಲಿಗೆ ಹೋಗಿ ಹಿಡಿಯುವವರು ಯಾರು? ಆಳದಲ್ಲಿ ಕರಾವಳಿ ಕಾವಲು ಪಡೆ, ಹತ್ತಿರದಲ್ಲಿ ರಾಜ್ಯದ ಮೀನುಗಾರಿಕೆ ಇಲಾಖೆ ಮತ್ತು ಕರಾವಳಿ ಕಾವಲು ಪೊಲೀಸರು. ಇಲಾಖೆಗೆ ಬೋಟು ಸಾಲದು, ಕಾವಲು ಪಡೆಗೆ ಬೇರೆ ಕೆಲಸವಿದೆ. ದಡದಲ್ಲಿ ನಿಂತ ನಾಡದೋಣಿಯವರಿಗೆ ದಿಗಂತದಲ್ಲಿ ಊರಿನ ಜಾತ್ರೆಯಂತೆ ದೀಪ ಕಾಣುತ್ತದೆ. ತಾರಲೆ, ಬಂಗಡೆ ಸಿಗದ ವರ್ಷಗಳಲ್ಲಿ ಅವರು ಮತ್ತೆ ಮನವಿ ಬರೆಯುತ್ತಾರೆ. ನಾಡದೋಣಿಯ ಎಂಜಿನ್ನಿಗೆ ಬೇಕಾದ ಸೀಮೆಎಣ್ಣೆಯ ಕಥೆಯೂ ಹೀಗೆಯೇ. ಎಣ್ಣೆಯ ಪ್ರಮಾಣ ಹಂಚುವುದು ಕೇಂದ್ರ, ಸಬ್ಸಿಡಿ ಕೊಡುವುದು ರಾಜ್ಯ. ಮೀನುಗಾರಿಕೆಯ ಋತು ಶುರುವಾದ ಮೇಲೂ ಎಣ್ಣೆ ಬಾರದಿದ್ದರೆ, ಹಂಚಿಕೆ ಬಂದಿಲ್ಲ ಎಂದು ಇವರು, ಹಂಚಿಕೆ ಎತ್ತಿಕೊಂಡಿಲ್ಲ ಎಂದು ಅವರು. ಕಾಸರಕೋಡಿನ ಟೊಂಕದ ದಡದಲ್ಲಿ ಬಲೆ ಸರಿಮಾಡುತ್ತ ಕೂತಿದ್ದ ಹಿರಿಯರೊಬ್ಬರು ನನಗೆ ಹೇಳಿದರು: “ಮನವಿ ಯಾರಿಗೆ ಕೊಡೂದು ಹೇಳಿ ಸರಿಯಾಗಿ ಗೊತ್ತಾದ್ರೆ ಅರ್ಧ ಕೆಲ್ಸ ಆದಂಗೆಯ.”

ಅದೇ ಟೊಂಕದ ಸುತ್ತಮುತ್ತ ಕೆಲವೇ ಕಿಲೋಮೀಟರಿನೊಳಗೆ ಮೂರು ಯೋಜನೆಗಳು ಒಂದರ ಮೈಮೇಲೊಂದು ಬಿದ್ದಿವೆ. 2020ರ ಅಕ್ಟೋಬರಿನಲ್ಲಿ ದೇಶದ ಎಂಟು ಕಡಲತೀರಗಳಿಗೆ ‘ಬ್ಲೂ ಫ್ಲ್ಯಾಗ್’ ಮಾನ್ಯತೆ ಬಂದಾಗ ಅದರಲ್ಲಿ ಕಾಸರಕೋಡು ಒಂದು, ಉಡುಪಿಯ ಪಡುಬಿದ್ರಿ ಇನ್ನೊಂದು. ಕೇಂದ್ರ ಪರಿಸರ ಸಚಿವಾಲಯ ಮುತುವರ್ಜಿ ವಹಿಸಿ ಮಾಡಿದ ಕೆಲಸ ಅದು. ಶರಾವತಿಯ ಅಳಿವೆಯ ಬದಿಗೆ ಖಾಸಗಿ ಬಂದರಿಗೆ 2010ರಲ್ಲಿ ಜಾಗ ಕೊಟ್ಟದ್ದು ರಾಜ್ಯ ಸರಕಾರ. ದೊಡ್ಡ ಬಂದರು ಕೇಂದ್ರಕ್ಕೆ, ಉಳಿದ ಬಂದರುಗಳು ಸಮವರ್ತಿ ಪಟ್ಟಿಯ 31ನೆಯ ನಮೂದಿಗೆ ಸೇರಿರುವುದರಿಂದ ಹೊನ್ನಾವರದಂಥ ಬಂದರನ್ನು ನಡೆಸುವವರು ರಾಜ್ಯದವರು. ಮೂರನೆಯದು ಕಡಲ ಧಾಮ. ಒಂದು ದಂಡೆಯಲ್ಲಿ ಪ್ರವಾಸಿಗರು ಬರಲಿ ಎಂದು ಬಾವುಟ, ಅದರ ಮಗ್ಗುಲಲ್ಲಿ ಸರಕು ಲಾರಿಗಳು ಬರಲಿ ಎಂದು ರಸ್ತೆ, ಎದುರಿನ ನೀರಿನಲ್ಲಿ ಜೀವಿಗಳು ಬದುಕಲಿ ಎಂದು ಧಾಮ. ಚಳಿಗಾಲದಲ್ಲಿ ಈ ಮರಳಿಗೆ ಆಲಿವ್ ರಿಡ್ಲಿ ಆಮೆಗಳು ಮೊಟ್ಟೆಯಿಡಲು ಬರುತ್ತವೆ. ಮೀನುಗಾರರೇ ಅರಣ್ಯ ಇಲಾಖೆಯವರ ಜೊತೆ ನಿಂತು ಗೂಡಿಗೆ ಬಲೆಯ ಬೇಲಿ ಕಟ್ಟುತ್ತಾರೆ. ಅದೇ ಮೀನುಗಾರರು ಬಂದರು ವಿರೋಧಿಸಿದಾಗ ಮೊಕದ್ದಮೆಗಳನ್ನೂ ಎದುರಿಸಿದ್ದಾರೆ. ಈ ಮೂರು ಯೋಜನೆಗಳನ್ನು ಒಂದೇ ನಕಾಶೆಯ ಮೇಲಿಟ್ಟು ನೋಡುವ ಒಂದು ಕಚೇರಿ ಹೊನ್ನಾವರದಲ್ಲಿಲ್ಲ, ಕಾರವಾರದಲ್ಲಿಲ್ಲ. 1908ರ ಹಳೆಯ ಕಾಯ್ದೆಯನ್ನು ತೆಗೆದು 2025ರಲ್ಲಿ ಸಂಸತ್ತು ಹೊಸ ಬಂದರು ಕಾಯ್ದೆ ತಂದಿತು. ಅದರಲ್ಲಿ ಕೇಂದ್ರ ಸಚಿವರ ಅಧ್ಯಕ್ಷತೆಯ ಮಂಡಳಿಯೊಂದಿದೆ. ಕರಾವಳಿಯ ರಾಜ್ಯಗಳು ತಮ್ಮ ಅಧಿಕಾರ ಜಾರುತ್ತಿದೆ ಎಂದು ಆತಂಕ ಹೇಳಿಕೊಂಡಿವೆ. ಆ ಆತಂಕಕ್ಕೆ ಅರ್ಥವಿದೆ. ಆದರೆ ರಾಜ್ಯದ ಕೈಯಲ್ಲೇ ಪೂರ್ತಿ ಅಧಿಕಾರ ಇದ್ದಾಗ ಟೊಂಕದ ಜನರನ್ನು ಕೇಳಲಾಗಿತ್ತೇ ಎಂಬ ಪ್ರಶ್ನೆಗೂ ಅಷ್ಟೇ ಅರ್ಥವಿದೆ.

ಈಗ ಗುಡ್ಡದಿಂದ ಹಿಂತಿರುಗಿ ಹೆದ್ದಾರಿಗೆ ಬನ್ನಿ. ರಾಷ್ಟ್ರೀಯ ಹೆದ್ದಾರಿ 66, ನಮ್ಮ ಬದಿಯ ಹಿರಿಯರ ಬಾಯಲ್ಲಿ ಇನ್ನೂ ‘ಹದಿನೇಳು’. ಹೆದ್ದಾರಿ ಕೇಂದ್ರದ್ದು. ಅದಕ್ಕೆ ಜಾಗ ಅಳೆದು, ನೋಟಿಸು ಕೊಟ್ಟು, ಪರಿಹಾರ ಹಂಚುವ ಭೂಸ್ವಾಧೀನಾಧಿಕಾರಿ ರಾಜ್ಯದ ಕಂದಾಯ ಇಲಾಖೆಯವರು. ಕಟ್ಟುವವರು ಗುತ್ತಿಗೆ ಕಂಪನಿ. ಗುಡ್ಡದ ಮೇಲಿನ ಮರ ಅರಣ್ಯ ಇಲಾಖೆಯದ್ದು. 2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು 11 ಜನ ಸತ್ತರು. ಚಹಾ ಅಂಗಡಿ ನಡೆಸುತ್ತಿದ್ದ ಕುಟುಂಬ, ಅಲ್ಲಿ ಲಾರಿ ನಿಲ್ಲಿಸಿದ್ದ ಚಾಲಕರು, ಗಂಗಾವಳಿಯ ಆಚೆ ದಡದಲ್ಲಿದ್ದವರು ಎಲ್ಲರನ್ನೂ ಮಣ್ಣು ಮತ್ತು ನೀರು ಸೆಳೆದುಕೊಂಡವು. ಚತುಷ್ಪಥಕ್ಕಾಗಿ ಗುಡ್ಡದ ಬುಡವನ್ನು ಇಳಿಜಾರು ಬಿಡದೆ ನೆಟ್ಟಗೆ ಕಡಿದದ್ದರ ಬಗ್ಗೆ ಜನ ಮುಂಚಿನಿಂದಲೂ ದೂರುತ್ತಿದ್ದರು.

ಅನಂತರದ ದಿನಗಳಲ್ಲಿ ಒಕ್ಕೂಟದ ಎರಡೂ ಮುಖಗಳು ಶಿರೂರಿನಲ್ಲಿ ಕಂಡವು. ರಾಷ್ಟ್ರೀಯ ವಿಪತ್ತು ಪಡೆ, ರಾಜ್ಯ ವಿಪತ್ತು ಪಡೆ, ಭೂಸೇನೆ, ನೌಕಾಪಡೆಯ ಮುಳುಗುಗಾರರು, ಜಿಲ್ಲಾಡಳಿತ, ಊರ ಮೀನುಗಾರರು ಒಂದೇ ಕೆಸರಿನಲ್ಲಿ ನಿಂತು ಹುಡುಕಿದರು. ಕೇರಳದ ಒಬ್ಬ ಲಾರಿ ಚಾಲಕನಿಗಾಗಿ ಅಲ್ಲಿಯ ಮುಖ್ಯಮಂತ್ರಿ ಇಲ್ಲಿಯ ಮುಖ್ಯಮಂತ್ರಿಗೆ ಪತ್ರ ಬರೆದರು, ಎರಡು ರಾಜ್ಯಗಳ ನಡುವೆ ಮಾತು ಬಿರುಸಾಯಿತು, ಕೊನೆಗೆ ಗೋವಾದಿಂದ ಡ್ರೆಜರ್ ತರಿಸಿ ಸೆಪ್ಟೆಂಬರ್ 25ರಂದು ಲಾರಿಯನ್ನೂ ಅದರೊಳಗಿನ ದೇಹವನ್ನೂ ಎತ್ತಲಾಯಿತು. ಎರಡು ತಿಂಗಳಿಗೂ ಮೀರಿ ನಡೆದ ಈ ಹುಡುಕಾಟಕ್ಕೆ ನಾನು ತಲೆಬಾಗುತ್ತೇನೆ. ಆದರೆ ಗುಡ್ಡ ಕಡಿದದ್ದಕ್ಕೆ ಉತ್ತರ ಕೊಡಬೇಕಾದವರು ಯಾರು ಎಂದಾಗ ಬೆರಳುಗಳು ಮತ್ತೆ ಒಂದರ ಕಡೆಗೊಂದು ತಿರುಗಿದವು. ರಾಜ್ಯದವರು ಹೆದ್ದಾರಿ ಪ್ರಾಧಿಕಾರ ಎಂದರು, ಅತ್ತಲಿಂದ ಮಳೆ ಎಂದರು. ಅದೇ ವರ್ಷದ ಆಗಸ್ಟ್ 7ರ ನಸುಕಿಗೆ ಮೊದಲೇ ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಲಾರಿಯೊಂದು ನೀರಿಗೆ ಬಿತ್ತು. ಅಪ್ಸರಕೊಂಡದ ಗುಡ್ಡದ ಕೆಳಗಿನ ಮನೆಯವರೂ ಮಳೆ ಜೋರಾದ ರಾತ್ರಿಗಳಲ್ಲಿ ನಿದ್ದೆ ಮಾಡುವುದಿಲ್ಲ.

ಇನ್ನೊಂದು ಘಟನೆ ಈ ಹೆದ್ದಾರಿಯಲ್ಲೇ ನಡೆದದ್ದು. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯೊಬ್ಬರನ್ನು ಕುಂದಾಪುರಕ್ಕೆ ಒಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಬಳಿಯ ಶಿರೂರು ಟೋಲ್‌ಗೇಟಿನಲ್ಲಿ ಮಗುಚಿ ಬಿತ್ತು. ಜೀವಗಳು ಹೋದವು. ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಬೇಕೆಂಬ ಹಳೆಯ ಕೂಗು ಆಗ ಮೊಬೈಲು ಮೊಬೈಲಿನಲ್ಲೂ ಎದ್ದಿತು. ಟೋಲ್ ಕೇಂದ್ರದ ವಿಷಯ. ಆಸ್ಪತ್ರೆ ರಾಜ್ಯ ಪಟ್ಟಿಯ ಆರನೆಯ ನಮೂದು. ನಮ್ಮವರು ಹೃದಯ ಹಿಡಿದುಕೊಂಡರೆ ಮಣಿಪಾಲಕ್ಕೋ ಮಂಗಳೂರಿಗೋ ಹುಬ್ಬಳ್ಳಿಗೋ ಓಡಬೇಕು. ಕಾರವಾರದ ಕಡೆಯವರು ಗೋವಾದ ಬಾಂಬೋಳಿಗೆ ಹೋಗುತ್ತಿದ್ದರು. 2018ರಿಂದ ಅಲ್ಲಿ ಹೊರರಾಜ್ಯದವರಿಗೆ ಶುಲ್ಕ ಶುರುವಾಯಿತು. ತಮ್ಮ ತೆರಿಗೆಯ ಹಣದಲ್ಲಿ ನಡೆಯುವ ಆಸ್ಪತ್ರೆ ಎಂದು ಗೋವಾ ಹೇಳಿದ್ದರಲ್ಲಿ ತಪ್ಪು ಹುಡುಕಲಾರೆ. ತಪ್ಪಿರುವುದು, ಜಿಲ್ಲೆ ಈ ರಾಜ್ಯಕ್ಕೆ ಸೇರಿದ 1956ರಿಂದ ಈಚೆಗೆ ಇಷ್ಟು ವರ್ಷವಾದರೂ ಇಲ್ಲಿ ಅಂಥದ್ದೊಂದು ಕಟ್ಟದ ನಮ್ಮ ಸರಕಾರಗಳಲ್ಲಿ.

ಇದೇ ಜಿಲ್ಲೆಯಲ್ಲಿ ಕೇಂದ್ರ ಮತ್ತು ರಾಜ್ಯಗಳು ಕೂಡಿ ಮಾಡಿದ ದೊಡ್ಡ ಕೆಲಸವೂ ಇದೆ. ಹೊನ್ನಾವರದ ಶರಾವತಿಯ ಮೇಲೆ ಎರಡು ಕಿಲೋಮೀಟರಿಗೂ ಉದ್ದದ ರೈಲು ಸೇತುವೆ ಇದೆಯಲ್ಲ, ಇಡೀ ಕೊಂಕಣ ರೈಲು ಮಾರ್ಗದಲ್ಲೇ ಅದು ಅತಿ ಉದ್ದದ್ದು. ಕೊಂಕಣ ರೈಲ್ವೆ 1990ರಲ್ಲಿ ಕಂಪನಿಯಾಗಿ ಹುಟ್ಟಿದಾಗ ಪಾಲು ಸ್ಪಷ್ಟವಾಗಿ ಬರೆದಿಟ್ಟರು: ರೈಲ್ವೆ ಸಚಿವಾಲಯಕ್ಕೆ 51 ಪ್ರತಿಶತ, ಮಹಾರಾಷ್ಟ್ರಕ್ಕೆ 22, ಕರ್ನಾಟಕಕ್ಕೆ 15, ಗೋವಾ ಮತ್ತು ಕೇರಳಕ್ಕೆ ತಲಾ 6. ಜಾರ್ಜ್ ಫರ್ನಾಂಡಿಸ್ ರೈಲ್ವೆ ಸಚಿವರು, ಇ. ಶ್ರೀಧರನ್ ಕಟ್ಟಿಸಿದವರು. 1998ರ ಜನವರಿ 26ಕ್ಕೆ ಪೂರ್ತಿ ಮಾರ್ಗದಲ್ಲಿ ಗಾಡಿ ಓಡಿತು. ಕಣಿವೆ, ಸುರಂಗ, ನದಿಗಳ ಸಾಲನ್ನು ದಾಟಿ ಎಂಟೇ ವರ್ಷದಲ್ಲಿ ಮುಗಿದ ಕೆಲಸ. ಇದಕ್ಕೆ ಹೋಲಿಸಿ ಹುಬ್ಬಳ್ಳಿ–ಅಂಕೋಲಾ ಮಾರ್ಗವನ್ನು ನೋಡಿ. ಅದೂ ತೊಂಬತ್ತರ ದಶಕದ್ದೇ. ಅರಣ್ಯ ಅನುಮತಿ, ವನ್ಯಜೀವಿ ಮಂಡಳಿ, ಕೋರ್ಟು ಎಂದು ಕಾಲು ಶತಮಾನ ಕಳೆದಿದೆ. ಘಟ್ಟದ ಕಾಡು ಕಡಿಯಬೇಕೇ ಎಂಬ ಪ್ರಶ್ನೆ ನಿಜವಾದದ್ದು, ನನ್ನ ಮಟ್ಟಿಗೆ ಅದು ರೈಲಿಗಿಂತ ದೊಡ್ಡದು. ಬೇಡವಾದರೆ ಬೇಡ ಎಂದು ಹೇಳುವವರೂ ಇಲ್ಲ, ಬೇಕೆಂದರೆ ಹೀಗೆ ಮಾಡಿ ಎನ್ನುವವರೂ ಇಲ್ಲ. ಕೊಂಕಣದಲ್ಲಿ ಕೆಲಸ ಆದದ್ದು ಹಣ, ಪಾಲು, ಹೊಣೆ ಮೂರೂ ಮೊದಲೇ ಕಾಗದದ ಮೇಲೆ ಬಂದದ್ದರಿಂದ. ಐದು ಸರಕಾರಗಳ ಪಕ್ಷಗಳು ಎಷ್ಟು ಸಲ ಬದಲಾದರೂ ಕೆಲಸ ನಿಲ್ಲಲಿಲ್ಲ.

ಕಾಡಿನ ವಿಷಯ ಬಂದಿತು, ಅಲ್ಲೇ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ಉತ್ತರ ಕನ್ನಡದ ಹೆಚ್ಚಿನ ಭಾಗ ಕಾಡೇ. 1976ರ ತನಕ ಅರಣ್ಯ ರಾಜ್ಯ ಪಟ್ಟಿಯಲ್ಲಿತ್ತು. ತುರ್ತು ಪರಿಸ್ಥಿತಿಯ ಕಾಲದ 42ನೆಯ ತಿದ್ದುಪಡಿ ಅದನ್ನೂ ವನ್ಯಜೀವಿ ರಕ್ಷಣೆಯನ್ನೂ ಶಿಕ್ಷಣವನ್ನೂ ಸಮವರ್ತಿ ಪಟ್ಟಿಗೆ ಒಯ್ದಿತು. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಸಾಮಾನ್ಯವಾಗಿ ಕಾಡನ್ನು ಕೇಂದ್ರದ ಒಪ್ಪಿಗೆಯಿಲ್ಲದೆ ಬೇರೆ ಕೆಲಸಕ್ಕೆ ಕೊಡಲು ಬರುವುದಿಲ್ಲ. ಆ ಕಾಯ್ದೆ ಇಲ್ಲದಿದ್ದರೆ ಈ ಜಿಲ್ಲೆಯ ಕಾಡು ಎಷ್ಟು ಉಳಿಯುತ್ತಿತ್ತೋ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಅಣೆಕಟ್ಟುಗಳಿಗೆ, ಅಣುಸ್ಥಾವರಕ್ಕೆ, ನೌಕಾನೆಲೆಗೆ ಈ ನೆಲ ಕೊಟ್ಟದ್ದು ಕಡಿಮೆಯಲ್ಲ. ಈಗ ಗೇರುಸೊಪ್ಪೆಯ ಮೇಲೆ 2,000 ಮೆಗಾವಾಟ್‌ನ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯನ್ನು ರಾಜ್ಯ ತರಲು ಹೊರಟಿದೆ. ಆ ಕಾಡಿಗೆ ಸಿಂಗಳೀಕಗಳ ಅಭಯಾರಣ್ಯ ಎಂದು 2019ರಲ್ಲಿ ಹೆಸರಿಟ್ಟದ್ದೂ ಅದೇ ರಾಜ್ಯ. ಇಲ್ಲಿ ತಡೆ ಹಾಕಬಹುದಾದ ಕೈ ಕೇಂದ್ರದ್ದು. ಕುಮಟೆಯ ತದಡಿಯಲ್ಲಿ ಇದರ ತಿರುವುಮುರುವು ಆಗಿತ್ತು. ಕೇಂದ್ರದ 4,000 ಮೆಗಾವಾಟ್ ಸಾಮರ್ಥ್ಯದ ಉಷ್ಣ ಸ್ಥಾವರಗಳ ಪಟ್ಟಿಯಲ್ಲಿ ತದಡಿಯ ಹೆಸರಿತ್ತು. ಬಳಚು ಹೆಕ್ಕುವ ಹೆಂಗಸರು, ಗಜನಿ ಗದ್ದೆಯವರು, ಮೀನುಗಾರರು ಎದ್ದು ನಿಂತು ಅದನ್ನು ಹಿಂದಕ್ಕೆ ಕಳಿಸಿದರು. 2024ರಲ್ಲಿ ಅದೇ ಅಘನಾಶಿನಿ ಅಳಿವೆ, 4,801 ಹೆಕ್ಟೇರ್, ರಾಮ್ಸಾರ್ ಪಟ್ಟಿಗೆ ಸೇರಿತು. ರಾಜ್ಯ ಪ್ರಸ್ತಾಪಿಸಿತು, ಕೇಂದ್ರ ಮುಂದಕ್ಕೆ ಕಳಿಸಿತು. ಯಾವ ಸರಕಾರ ಕಾಡಿನ ಪರ, ಯಾವುದು ವಿರುದ್ಧ ಎಂದು ಕಾಯಂ ಆಗಿ ಹೇಳಲು ಬರುವುದಿಲ್ಲ. ಒಂದು ಸರಕಾರ ತಪ್ಪುವಾಗ ಇನ್ನೊಂದು ತಡೆಯುವ ಜಾಗ ಉಳಿದಿರುವುದೇ ಎರಡು ಸರಕಾರಗಳಿರುವುದರ ದೊಡ್ಡ ಲಾಭ. ಪಶ್ಚಿಮ ಘಟ್ಟದ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆಯಲ್ಲಿ ಮಾತ್ರ ಈ ಜಾಗ ಬರೀ ಹಗ್ಗಜಗ್ಗಾಟವಾಯಿತು. ಕೇಂದ್ರ ಆರನೆಯ ಸಲ 2024ರ ಜುಲೈ 31ರಂದು ಹೊರಡಿಸಿತು, ಕರ್ನಾಟಕದ 20,668 ಚದರ ಕಿಲೋಮೀಟರ್ ಅದರಲ್ಲಿತ್ತು, ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟ ತಿರಸ್ಕರಿಸಿತು.

ಕಾಡಂಚಿನ ಮನೆಗೆ ಹೋದರೆ ಗೋಡೆಯ ಮೊಳೆಗೆ ಒಂದು ಪ್ಲಾಸ್ಟಿಕ್ ಚೀಲ ನೇತಾಡುತ್ತಿರುತ್ತದೆ. ಅದರೊಳಗೆ ಅರಣ್ಯ ಹಕ್ಕು ಅರ್ಜಿಯ ಪ್ರತಿ, ಜಿಪಿಎಸ್ ಸರ್ವೆಯ ಚೀಟಿ, ಮನೆ ತೆರಿಗೆ ರಸೀದಿ, ಕರೆಂಟು ಬಿಲ್ಲು, ಮತ್ತೆ ‘ತಿರಸ್ಕರಿಸಲಾಗಿದೆ’ ಎಂಬ ಹಿಂಬರಹ. 2006ರ ಅರಣ್ಯ ಹಕ್ಕು ಕಾಯ್ದೆ ಸಂಸತ್ತಿನದು, ಜಾರಿ ಮಾಡುವ ಸಮಿತಿಗಳು ರಾಜ್ಯದವು. ಪರಿಶಿಷ್ಟ ಪಂಗಡಕ್ಕೆ ಸೇರದವರು ಮೂರು ತಲೆಮಾರು, ಅಂದರೆ 75 ವರ್ಷದ ವಾಸಕ್ಕೆ ಸಾಕ್ಷ್ಯ ಕೊಡಬೇಕು. ಲೆಕ್ಕ ಹಾಕಿದರೆ 1930ಕ್ಕೆ ಹೋಗುತ್ತದೆ. ಆಗ ಈ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. 1862ಕ್ಕೆ ಮೊದಲು ಮದ್ರಾಸಿಗೆ. ಮೈಸೂರು ರಾಜ್ಯಕ್ಕೆ ಬಂದದ್ದು 1956ರ ನವೆಂಬರ್ 1ರಂದು. ಆಳಿದವರು ಇಷ್ಟು ಸಲ ಬದಲಾದ ನೆಲದಲ್ಲಿ ಸೊಪ್ಪು ಕಡಿದು ಬದುಕಿದವನ ಹತ್ತಿರ 1930ರ ಕಾಗದ ಕೇಳುವುದು ನ್ಯಾಯವಲ್ಲ. ಕಾನೂನು ಕಾಗದವೊಂದನ್ನೇ ಕೇಳುವುದಿಲ್ಲ, ಊರ ಹಿರಿಯರ ಹೇಳಿಕೆಯನ್ನೂ ಒಪ್ಪುತ್ತದೆ. ಅದನ್ನು ಒಪ್ಪದೆ ಅರ್ಜಿಗಳನ್ನು ತಳ್ಳಿಹಾಕಿದ್ದು ದೆಹಲಿಯಲ್ಲ, ಇಲ್ಲಿಯ ಸಮಿತಿಗಳು.

ಹಾಲಕ್ಕಿ ಒಕ್ಕಲಿಗರ ಕಡತ ಇನ್ನೂ ಹಳೆಯದು. ಪರಿಶಿಷ್ಟ ಪಂಗಡಕ್ಕೆ ಸೇರಿಸಿ ಎಂಬ ಅವರ ಬೇಡಿಕೆಯನ್ನು ರಾಜ್ಯ ಶಿಫಾರಸು ಮಾಡಿ ಕಳಿಸಿತು. ದೆಹಲಿಯಿಂದ ಆಕ್ಷೇಪ ಹೊತ್ತು ಅದು ವಾಪಸು ಬಂತು. ಸಂವಿಧಾನದ 342ನೆಯ ವಿಧಿಯಂತೆ ಪಟ್ಟಿ ತಿದ್ದುವ ಅಧಿಕಾರ ಸಂಸತ್ತಿಗೆ ಮಾತ್ರ. ಇದೇ ಸಮುದಾಯದ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂತು, ಬರಿಗಾಲಲ್ಲೇ ರಾಷ್ಟ್ರಪತಿ ಭವನಕ್ಕೆ ನಡೆದುಹೋದ ತುಳಸಿ ಗೌಡರಿಗೂ ಬಂತು. ಇಬ್ಬರೂ ಈಗ ಇಲ್ಲ. ಅವರ ಜನರ ಬೇಡಿಕೆ ಅವರ ಕಾಲದಲ್ಲಿ ಈಡೇರಲಿಲ್ಲ.

ಹಣದ ಜಗಳ ಎಲ್ಲರಿಗೂ ಗೊತ್ತಿರುವುದು, ಚಿಕ್ಕದಾಗಿ ಹೇಳುತ್ತೇನೆ. ಕೇಂದ್ರ ಹಂಚುವ ತೆರಿಗೆಯಲ್ಲಿ ಕರ್ನಾಟಕದ ಪಾಲು 14ನೆಯ ಹಣಕಾಸು ಆಯೋಗದ ಕಾಲದಲ್ಲಿ 4.713 ಪ್ರತಿಶತ ಇತ್ತು, 15ನೆಯದರಲ್ಲಿ 3.647ಕ್ಕೆ ಇಳಿಯಿತು. 1971ರ ಜನಸಂಖ್ಯೆಯನ್ನು ಬಿಟ್ಟು 2011ರದನ್ನು ಹಿಡಿದದ್ದು ಒಂದು ಕಾರಣ, ಕರ್ನಾಟಕದ ತಲಾ ಆದಾಯ ಏರಿ ಆದಾಯದ ಅಂತರದ ಲೆಕ್ಕದಲ್ಲಿ ಪಾಲು ತಗ್ಗಿದ್ದು ಇನ್ನೊಂದು. ಸೆಸ್ ಮತ್ತು ಸರ್‌ಚಾರ್ಜಿನ ಹಣ ಹಂಚಿಕೆಗೇ ಬರುವುದಿಲ್ಲ. 2023ರಲ್ಲಿ 223 ತಾಲೂಕುಗಳು ಬರಪೀಡಿತವಾದಾಗ ರಾಜ್ಯ 18,171 ಕೋಟಿ ರೂಪಾಯಿ ಕೇಳಿತು. 2024ರ ಫೆಬ್ರವರಿ 7ರಂದು ಮುಖ್ಯಮಂತ್ರಿ, ಮಂತ್ರಿಗಳು ಜಂತರ್ ಮಂತರ್‌ನಲ್ಲಿ ಕುಳಿತರು, ಮಾರ್ಚಿನಲ್ಲಿ ಸುಪ್ರೀಂ ಕೋರ್ಟಿಗೆ ಹೋದರು, ಏಪ್ರಿಲಿನಲ್ಲಿ 3,454 ಕೋಟಿ ಬಂತು. ಬರ ಪರಿಹಾರಕ್ಕೆ ಒಂದು ರಾಜ್ಯ ಕೋರ್ಟಿನ ಮೆಟ್ಟಿಲು ಹತ್ತಬೇಕಾದದ್ದು ಸರಿಯಲ್ಲ. ಬಡ ರಾಜ್ಯಗಳಿಗೆ ಹೆಚ್ಚು ಹೋಗಬೇಕೆಂಬುದನ್ನು ನಾನು ಒಪ್ಪುತ್ತೇನೆ. ಉತ್ತರ ಕನ್ನಡದವನಾಗಿ ಬೆಂಗಳೂರಿನ ತೆರಿಗೆಯಲ್ಲಿ ನನ್ನ ಊರಿಗೆ ರಸ್ತೆ ಕೇಳುವವನು ನಾನು, ಬಿಹಾರದವನು ಕೇಳಬಾರದು ಎಂದು ಹೇಗೆ ಹೇಳಲಿ? ಆದರೆ ಹಂಚಿಕೆಯ ಹೊರಗೆ ಇಟ್ಟುಕೊಂಡ ಸೆಸ್ಸಿನ ಹಣಕ್ಕೆ ಈ ಸಮರ್ಥನೆ ಸಲ್ಲದು.

ಅಕ್ಕಿಯ ವಿಷಯದಲ್ಲಂತೂ ಪೈಪೋಟಿ ನೇರವಾಗಿ ಅಡುಗೆಮನೆಗೆ ಬಂತು. 2023ರ ಜೂನಿನಲ್ಲಿ ಅನ್ನಭಾಗ್ಯಕ್ಕೆ ಹೆಚ್ಚುವರಿ ಐದು ಕಿಲೋ ಕೊಡಲು ರಾಜ್ಯ ಹೊರಟಾಗ, ಆಹಾರ ನಿಗಮದಿಂದ ರಾಜ್ಯಗಳಿಗೆ ಅಕ್ಕಿ ಮಾರುವುದನ್ನು ಕೇಂದ್ರ ನಿಲ್ಲಿಸಿತು. ಉಗ್ರಾಣದಲ್ಲಿ ಅಕ್ಕಿ ಇತ್ತು, ಕೊಳ್ಳುವವನ ಕೈಯಲ್ಲಿ ಹಣವೂ ಇತ್ತು. ರಾಜ್ಯ ಕಿಲೋಗೆ 34 ರೂಪಾಯಿ ಲೆಕ್ಕದಲ್ಲಿ ತಲೆಗೆ 170 ರೂಪಾಯಿ ಖಾತೆಗೆ ಹಾಕಿತು. 2025ರಲ್ಲಿ ಅದೇ ಅಕ್ಕಿ ಕಿಲೋಗೆ 22 ರೂಪಾಯಿ 50 ಪೈಸೆಗೆ ಸಿಕ್ಕಿತು. ನಡುವಿನ ಒಂದೂವರೆ ವರ್ಷ ಹೆಚ್ಚುವರಿ ಅಕ್ಕಿ ಯಾಕೆ ಬರಲಿಲ್ಲ ಎಂದು ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ ನಿಂತ ಅಕ್ಕ ಕೇಳಿದರೆ ಕೊಡಲು ಯೋಗ್ಯವಾದ ಉತ್ತರ ಯಾರ ಹತ್ತಿರವೂ ಇಲ್ಲ.

ಇಷ್ಟಾಗಿಯೂ ಒಕ್ಕೂಟವನ್ನು ತಿದ್ದುವ ಕೆಲಸದಲ್ಲಿ ಕರ್ನಾಟಕ ಹಿಂದೆ ಬಿದ್ದಿಲ್ಲ ಎಂಬುದನ್ನು ಹೆಮ್ಮೆಯಿಂದಲೇ ನೆನೆಯಬೇಕು. 1983ರ ಮಾರ್ಚಿನಲ್ಲಿ ದಕ್ಷಿಣದ ಮುಖ್ಯಮಂತ್ರಿಗಳನ್ನು ಬೆಂಗಳೂರಿಗೆ ಕರೆದು ಕೇಂದ್ರ–ರಾಜ್ಯ ಸಂಬಂಧದ ಮಾತೆತ್ತಿದವರು ಇದೇ ಜಿಲ್ಲೆಯ ಸಿದ್ದಾಪುರ ತಾಲೂಕಿನ ದೊಡ್ಮನೆಯವರಾದ ಆಗಿನ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ. ಅದೇ ತಿಂಗಳು ಇಂದಿರಾ ಗಾಂಧಿ ಸರ್ಕಾರಿಯಾ ಆಯೋಗ ಘೋಷಿಸಿದರು. 247 ಶಿಫಾರಸುಗಳ ವರದಿ 1988ರಲ್ಲಿ ಹೊರಬಂತು. ಮರುವರ್ಷವೇ, 1989ರ ಏಪ್ರಿಲ್ 21ರಂದು, ಸದನದಲ್ಲಿ ಬಹುಮತ ತೋರಿಸಲು ಅವಕಾಶ ಕೊಡದೆ ಕರ್ನಾಟಕದ ಎಸ್.ಆರ್. ಬೊಮ್ಮಾಯಿ ಸರಕಾರವನ್ನು ವಜಾ ಮಾಡಲಾಯಿತು. ಬೊಮ್ಮಾಯಿ ಕೋರ್ಟಿಗೆ ಹೋದರು. 1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ಬಹುಮತ ತೀರ್ಮಾನವಾಗಬೇಕಾದದ್ದು ಸದನದಲ್ಲಿ, ರಾಜಭವನದಲ್ಲಲ್ಲ ಎಂದಿತು; ಒಕ್ಕೂಟ ತತ್ವವನ್ನು ಸಂವಿಧಾನದ ಮೂಲ ರಚನೆಯ ಭಾಗವೆಂದು ಎತ್ತಿಹಿಡಿಯಿತು. ಆಮೇಲೆ ರಾಷ್ಟ್ರಪತಿ ಆಳ್ವಿಕೆ ಹೇರುವ 356ನೆಯ ವಿಧಿಯನ್ನು ಮೊದಲಿನಂತೆ ಬೇಕಾಬಿಟ್ಟಿ ಬಳಸುವುದು ನಿಂತಿತು.

ಹೆಗಡೆ ಸರಕಾರದ ಇನ್ನೊಂದು ಕೆಲಸ ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಆ ಸರಕಾರದ ಪಂಚಾಯತ್ ರಾಜ್ ಮಂತ್ರಿ ಅಬ್ದುಲ್ ನಜೀರ್ ಸಾಬರು 1983ರ ಕಾಯ್ದೆಯ ಮೂಲಕ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳನ್ನು ಕಟ್ಟಿದರು, 1987ರಲ್ಲಿ ಚುನಾವಣೆ ನಡೆಸಿದರು, ಹೆಂಗಸರಿಗೆ ಕಾಲು ಭಾಗ ಸ್ಥಾನ ಮೀಸಲಿಟ್ಟರು. ದೆಹಲಿಯಿಂದ ಅಧಿಕಾರ ಕೇಳುವವರು ಹಳ್ಳಿಗೆ ಅಧಿಕಾರ ಕೊಡಬೇಕು ಎಂಬ ನೈತಿಕತೆ ಅದರಲ್ಲಿತ್ತು. ದೇಶಕ್ಕೆ 73ನೆಯ ತಿದ್ದುಪಡಿ ಬಂದದ್ದು ಅದರ ನಂತರ. ಇವತ್ತು? ಕರ್ನಾಟಕದ ಜಿಲ್ಲಾ ಮತ್ತು ತಾಲೂಕು ಪಂಚಾಯತಿಗಳಿಗೆ ಕೊನೆಯ ಚುನಾವಣೆ ನಡೆದದ್ದು 2016ರಲ್ಲಿ. 2021ಕ್ಕೆ ಅವಧಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಅಧಿಕಾರಿಗಳೇ ನಡೆಸಿದರು, ಆಳುವ ಪಕ್ಷ ಬದಲಾದರೂ ಇದು ಬದಲಾಗಲಿಲ್ಲ. ದೆಹಲಿಯ ಎದುರು ರಾಜ್ಯದ ಹಕ್ಕಿನ ಬಗ್ಗೆ ಮಾತಾಡುವ ನಮ್ಮ ನಾಯಕರೆಲ್ಲರಿಗೂ, ಪಕ್ಷಭೇದವಿಲ್ಲದೆ, ಈ ಪ್ರಶ್ನೆ ಕೇಳಲೇಬೇಕು.

ಕೇಂದ್ರ ಮತ್ತು ರಾಜ್ಯ ಎದುರುಬದುರು ಕೂರಲು ಹೊರದೇಶಗಳಲ್ಲಿ ಬೇರೆ ದಾರಿಗಳಿವೆ. ಜರ್ಮನಿಯ ಮೇಲ್ಮನೆಯಲ್ಲಿ ರಾಜ್ಯ ಸರಕಾರಗಳ ಮಂತ್ರಿಗಳೇ ಕುಳಿತು ಮತ ಹಾಕುತ್ತಾರೆ. ರಾಜ್ಯಗಳಿಗೆ ನೇರವಾಗಿ ತಟ್ಟುವ ಹಲವು ಬಗೆಯ ಕಾನೂನುಗಳು ಅವರ ಒಪ್ಪಿಗೆಯಿಲ್ಲದೆ ಹೊರಬರುವುದಿಲ್ಲ. ನಮ್ಮ ರಾಜ್ಯಸಭೆಗೆ ಕರ್ನಾಟಕದಿಂದ 12 ಸ್ಥಾನಗಳಿವೆ, ಆದರೆ 2003ರ ತಿದ್ದುಪಡಿಯಿಂದೀಚೆಗೆ ಆಯ್ಕೆಯಾಗುವವರು ಈ ರಾಜ್ಯದ ನಿವಾಸಿಗಳಾಗಿರಬೇಕೆಂದೂ ಇಲ್ಲ. ಜಿಎಸ್‌ಟಿ ಮಂಡಳಿ ಮಾತ್ರ ಆಗಾಗ ಸೇರುತ್ತದೆ. ಅಲ್ಲಿ ಕೇಂದ್ರದ ಮತಕ್ಕೆ ಮೂರನೇ ಒಂದು ತೂಕ, ನಿರ್ಣಯಕ್ಕೆ ಮುಕ್ಕಾಲು ಬಹುಮತ ಬೇಕು, ಹೀಗಾಗಿ ಕೇಂದ್ರ ಬೇಡವೆಂದದ್ದು ಆಗುವುದಿಲ್ಲ. ಸಂವಿಧಾನದ 263ನೆಯ ವಿಧಿಯ ಅಂತರರಾಜ್ಯ ಮಂಡಳಿ 1990ರಲ್ಲಿ ಹುಟ್ಟಿತು. ಎಲ್ಲ ಮುಖ್ಯಮಂತ್ರಿಗಳೂ ಪ್ರಧಾನಿಯೂ ಎದುರುಬದುರು ಕೂತು ಮಾತಾಡಲೆಂದೇ ಇರುವ ಜಾಗ ಅದು. 2016ರ ಜುಲೈ 16ರಂದು ಅದರ ಹನ್ನೊಂದನೆಯ ಸಭೆ ನಡೆಯಿತು. ಅನಂತರದ ಮೌನ ದೀರ್ಘವಾಯಿತು.

ದೊಡ್ಡ ಮಂಡಳಿಗಳು ಸೇರುವ ದಿನ ಬರಲಿ. ಅಷ್ಟರಲ್ಲಿ ಹೊನ್ನಾವರದಲ್ಲಿ ಮಾಡಬಹುದಾದ ಒಂದು ಕೆಲಸವಿದೆ, ಅದಕ್ಕೆ ಸಂವಿಧಾನ ತಿದ್ದಬೇಕಾಗಿಲ್ಲ. ಕಡಲ ಧಾಮದ ಬಗ್ಗೆ ಇನ್ನು ಮುಂದೆ ಕರೆಯುವ ಪ್ರತಿ ಸಭೆಯನ್ನೂ ಹೊನ್ನಾವರದಲ್ಲೇ, ಕನ್ನಡದಲ್ಲೇ, ಜೂನ್–ಜುಲೈ ತಿಂಗಳಲ್ಲೇ ಕರೆಯಿರಿ. ಆ 61 ದಿನ ಬೋಟಿನವರು ದಡದಲ್ಲಿರುತ್ತಾರೆ. ಅರಣ್ಯ ಇಲಾಖೆ, ಬಂದರು ಇಲಾಖೆ, ಮೀನುಗಾರಿಕೆ ಇಲಾಖೆ, ಕೇಂದ್ರದ ಪರಿಸರ ಸಚಿವಾಲಯದ ಅಧಿಕಾರಿ ಒಂದೇ ಮೇಜಿಗೆ ಬರಲಿ. ಬ್ಲೂ ಫ್ಲ್ಯಾಗ್ ತೀರ, ಬಂದರಿನ ರಸ್ತೆ, ಧಾಮದ ಗಡಿ ಮೂರನ್ನೂ ಒಂದೇ ನಕಾಶೆಯಲ್ಲಿ ಬಿಡಿಸಿ ತೋರಿಸಲಿ. ಯಾವ ಗೆರೆಗೆ ಯಾವ ಕಚೇರಿ ಹೊಣೆ ಎಂದು ಅದರ ಕೆಳಗೆ ಬರೆಯಲಿ. ಮೀನುಗಾರರ ಹಿತದ ಬಗ್ಗೆ 26ಎ ಕಲಮಿನಲ್ಲಿರುವ ಆ ಸಾಲನ್ನು ದೊಡ್ಡ ಅಕ್ಷರದಲ್ಲಿ ಮುದ್ರಿಸಿ ಕಡಲಂಚಿನ ಪ್ರತಿ ಗ್ರಾಮ ಪಂಚಾಯತಿಯ ಗೋಡೆಗೆ ಹಚ್ಚಿರಿ. ಓದುಗರಲ್ಲಿ ಕಾಸರಕೋಡು, ಮಂಕಿ, ಅಪ್ಸರಕೊಂಡದ ಕಡೆಯವರಿದ್ದರೆ ಮುಂದಿನ ಗ್ರಾಮಸಭೆಯಲ್ಲಿ ಇದನ್ನು ಠರಾವು ಮಾಡಿಸಿ, ಪ್ರತಿಯ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ.